ಮೈಕ್ ಕೈಗೆ ಬರುವ ಮೊದಲು, ಬಂದ ಮೇಲೆ: ಸಭೆಯಲ್ಲಿ ಮಾತಾಡುವವರಿಗೊಂದು ಮಾರ್ಗದರ್ಶಿ

ಉತ್ತರ ಕನ್ನಡ ಜಿಲ್ಲೆಯ ಶಿರಸಿ, ಸಿದ್ದಾಪುರ, ಹೊನ್ನಾವರದ ಕಡೆ ಮಾತಿಗೆ ಬರವಿಲ್ಲ. ಅಡಿಕೆ ಸುಲಿಯುವ ರಾತ್ರಿ ಮೂರು ತಾಸು ಎಡೆಬಿಡದೆ ಹರಟೆ ಹೊಡೆಯುವವರೇ ಸೊಸೈಟಿಯ ವಾರ್ಷಿಕ ಸಭೆಯಲ್ಲಿ ಮೈಕ್ ಹಿಡಿದ ಕೂಡಲೇ 'ಈ ಒಂದು ಶುಭ ಸಂದರ್ಭದಲ್ಲಿ' ಎಂದು ತಮ್ಮದಲ್ಲದ ಭಾಷೆಯಲ್ಲಿ ತಡವರಿಸತೊಡಗುತ್ತಾರೆ. ಇದಕ್ಕೆ ಧೈರ್ಯ ಸಾಲದು ಎಂದು ಹೆಸರಿಡುವುದು ರೂಢಿ. ಹೆಚ್ಚಿನ ಸಲ ಕೆಟ್ಟಿರುವುದು ಧೈರ್ಯವಲ್ಲ, ತಯಾರಿ. ಶಾಲೆಯಲ್ಲಿ ಕಲಿಸಿದಂತೆ ಪ್ರಬಂಧ ಬರೆದು, ಬಾಯಿಪಾಠ ಮಾಡಿ, ಒಪ್ಪಿಸಲು ನಿಲ್ಲುತ್ತೇವೆ. ಬಾಯಿಪಾಠದಲ್ಲಿ ಪ್ರತಿ ಸಾಲನ್ನೂ ನೆನಪಿಗೆ ತಂದುಕೊಡುವುದು ಅದರ ಹಿಂದಿನ ಸಾಲು, ವಿಷಯವಲ್ಲ. ಹಾಗಾಗಿ ಒಂದು ಪದ ಜಾರಿದರೆ ಉಳಿದದ್ದೂ ಅದರ ಹಿಂದೆಯೇ ಹೋಗುತ್ತದೆ.

ಬೇರೆ ದಾರಿಯನ್ನು ದೂರ ಹುಡುಕಬೇಕಿಲ್ಲ. ಯಕ್ಷಗಾನದ್ದೇ ಕೂತು ನಡೆಸುವ ರೂಪವಾದ ತಾಳಮದ್ದಲೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ (ಹಾಡು) ಹೇಳುತ್ತಾರೆ, ಅರ್ಥಧಾರಿ ಕೂತಲ್ಲೇ ಅದಕ್ಕೆ ಅರ್ಥ ಹೇಳುತ್ತಾನೆ. ಆ ಮಾತು ಬರೆದಿಟ್ಟುಕೊಂಡದ್ದಲ್ಲ, ಅಲ್ಲೇ ಹುಟ್ಟಿದ್ದು. ಆದರೆ ಪ್ರಸಂಗದ ನಡೆ ಅವನಿಗೆ ಗಟ್ಟಿ: ಯಾವ ಪದ ಯಾವುದರ ನಂತರ, ಪೀಠಿಕೆಯಲ್ಲಿ ಎಷ್ಟು ಬಿಚ್ಚಬೇಕು, ಎದುರಿನವನು ಎಲ್ಲಿ ಹಿಡಿಯಬಹುದು. ಸಭೆಯ ಮಾತಿಗೂ ಇದೇ ಕ್ರಮ ಸಾಕು. ನಡೆ ಗಟ್ಟಿಯಾಗಲಿ, ಮಾತು ಅಲ್ಲೇ ಹುಟ್ಟಲಿ. ಮೊದಲ ಎರಡು ವಾಕ್ಯ ಮತ್ತು ಕೊನೆಯ ಒಂದು ವಾಕ್ಯ ಮಾತ್ರ ಬಾಯಿಪಾಠ.

ಕೆಳಗಿನದನ್ನೆಲ್ಲ ಒಂದೇ ಉದಾಹರಣೆಯ ಮೇಲೆ ಹೇಳುತ್ತೇವೆ. ಮೇ ತಿಂಗಳು, ಊರ ಸಹಕಾರಿ ಸಂಘದ ಸಭೆ, ಎದುರಿಗೆ ನೂರು ಜನ ತೋಟದವರು, ನಿಮಗೆ ಕೊಟ್ಟದ್ದು ಎಂಟು ನಿಮಿಷ, ವಿಷಯ ಅಡಿಕೆ ಕೊಳೆರೋಗ, ಅಂದರೆ ಮಳೆಗಾಲದಲ್ಲಿ ಎಳೆ ಅಡಿಕೆ ಕೊಳೆತು ಉದುರುವ ರೋಗ. ಅದಕ್ಕೆ ಹೊಡೆಯುವ ಮದ್ದು ಮೈಲುತುತ್ತ (ತಾಮ್ರದ ಸಲ್ಫೇಟ್), ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ.

ಮೊದಲು ಒಂದು ವಾಕ್ಯ

ಮಾತಾಡಲು ಒಪ್ಪುವಾಗಲೇ ಸಂಘಟಕರಲ್ಲಿ ಮೂರು ಕೇಳಿ: ಎಷ್ಟು ಹೊತ್ತು, ಯಾರಾದ ಮೇಲೆ, ಎದುರಿಗೆ ಯಾರು. ಆಮೇಲೆ ಕಾಗದದ ಮೇಲೆ ಹೀಗೊಂದು ವಾಕ್ಯ ಬರೆಯಿರಿ: 'ಸಭೆ ಮುಗಿಸಿ ಮನೆಗೆ ಹೋದವರು ______ ಮಾಡಬೇಕು.' ಬಿಟ್ಟ ಜಾಗ ತುಂಬಲು ಬರದಿದ್ದರೆ ನಿಮ್ಮ ಹತ್ತಿರ ಇನ್ನೂ ಭಾಷಣವಿಲ್ಲ, ಬರೀ ವಿಷಯವಿದೆ. 'ಅಡಿಕೆ ಕೊಳೆರೋಗ ಮತ್ತು ಅದರ ನಿಯಂತ್ರಣ ಕ್ರಮಗಳು' ಎಂಬುದು ವಿಷಯ. 'ಮಳೆ ಹಿಡಿಯುವ ಮೊದಲೇ ಮೊದಲ ಮದ್ದು ಹೊಡೆಸಿ, ಬೋರ್ಡೋ ದ್ರಾವಣವನ್ನು ಕತ್ತಿ ಅದ್ದಿ ನೋಡದೆ ಮರಕ್ಕೆ ಹತ್ತಿಸಬೇಡಿ' ಎಂಬುದು ಭಾಷಣ.

ಈ ವಾಕ್ಯಕ್ಕೆ ದುಡಿಯದ್ದನ್ನೆಲ್ಲ ತೆಗೆಯಿರಿ. ರೋಗದ ಇತಿಹಾಸ ಬೇಡ, ರೋಗಾಣುವಿನ ಲ್ಯಾಟಿನ್ ಹೆಸರು ಬೇಡ, ಅಡಿಕೆ ನಮ್ಮ ಸಂಸ್ಕೃತಿಯ ಭಾಗ ಎಂಬ ಪೀಠಿಕೆಯಂತೂ ಬೇಡವೇ ಬೇಡ. ತೋಟದವರಿಗೆ ಅಡಿಕೆಯ ಪರಿಚಯ ಮಾಡಿಕೊಡಲು ಹೋಗುವ ಭಾಷಣಕಾರರು ವರ್ಷಕ್ಕೆ ನಾಲ್ಕಾದರೂ ಸಿಗುತ್ತಾರೆ.

ನಡೆ ಕಟ್ಟುವುದು

ಎಂಟು ನಿಮಿಷಕ್ಕೆ ಮೂರು ಅಂಶ ಮೀರಬಾರದು. ಆರಂಭಕ್ಕೆ ಒಂದು ನಿಮಿಷ, ಅಂಶವೊಂದಕ್ಕೆ ಎರಡರಂತೆ ಆರು, ಮುಗಿಸಲು ಅರ್ಧ. ಉಳಿದ ಅರ್ಧ ನಿಮಿಷ ಚಪ್ಪಾಳೆಗೋ ಕೆಮ್ಮಿಗೋ ಹೋಗುತ್ತದೆ. ನಮ್ಮ ಉದಾಹರಣೆಯಲ್ಲಿ ಮೂರು ಅಂಶ ಇವು: ಯಾವಾಗ ಹೊಡೆಯಬೇಕು, ದ್ರಾವಣ ಹೇಗೆ ಮಾಡಬೇಕು, ಹದವಾಗಿದೆ ಎಂದು ಹೇಗೆ ನೋಡಬೇಕು.

ನಿಮ್ಮ ಮಾತಿನ ವೇಗ ನಿಮಗೇ ಗೊತ್ತಿರಬೇಕು. ಮೊಬೈಲಿನಲ್ಲಿ ಒಂದು ನಿಮಿಷ ಮಾತಾಡಿ ರೆಕಾರ್ಡ್ ಮಾಡಿ, ಪದ ಎಣಿಸಿ. ಕನ್ನಡದಲ್ಲಿ ಪದಗಳು ಉದ್ದ, ಪ್ರತ್ಯಯಗಳು ಪದಕ್ಕೇ ಅಂಟಿಕೊಳ್ಳುತ್ತವೆ. ಹಾಗಾಗಿ ಇಂಗ್ಲಿಷ್ ಪುಸ್ತಕಗಳಲ್ಲಿ ಹೇಳುವ ನಿಮಿಷಕ್ಕೆ 130-150 ಪದದ ಲೆಕ್ಕ ಇಲ್ಲಿ ನಡೆಯುವುದಿಲ್ಲ. 100ರ ಆಸುಪಾಸು ಇದ್ದರೆ ಕೇಳಲು ಹಿತ.

ಎಂಟು ನಿಮಿಷದ ಜೊತೆಗೆ ನಾಲ್ಕು ನಿಮಿಷದ ಪಾಠವೂ ಕೈಯಲ್ಲಿರಲಿ. ಹತ್ತು ಗಂಟೆಯ ಕಾರ್ಯಕ್ರಮ ಹನ್ನೊಂದಕ್ಕೆ ಶುರುವಾಗುವ ನಾಡಿದು. ಹಿಂದಿನವರು ನುಂಗಿದ ಹೊತ್ತು ಕೊನೆಯ ಭಾಷಣಕಾರನ ತಲೆಗೇ ಬರುತ್ತದೆ. ಯಾವ ಅಂಶ ಬಿಡುವುದು ಎಂದು ಮನೆಯಲ್ಲೇ ನಿರ್ಧರಿಸಿ, ಆ ಅಂಶ ಬರೆದುಕೊಂಡ ಚೀಟಿಯ ಮೂಲೆಗೆ ಕೆಂಪು ಗೀಟು ಹಾಕಿಡಿ. ವೇದಿಕೆಯಲ್ಲಿ ಆರಿಸಲು ಹೊರಟರೆ ಏನನ್ನೂ ಬಿಡದೆ ಎಲ್ಲವನ್ನೂ ಓಡಿಸಿ ಹೇಳುತ್ತೀರಿ.

ಚೀಟಿ ಎಂದರೆ ಎ4 ಹಾಳೆಯಲ್ಲ. ಕೈ ಸಣ್ಣಗೆ ನಡುಗಿದರೂ ತೆಳು ಹಾಳೆ ಹತ್ತುಪಟ್ಟು ನಡುಗಿ ಎಲ್ಲರಿಗೂ ಸುದ್ದಿ ಮುಟ್ಟಿಸುತ್ತದೆ, ಫ್ಯಾನಿನ ಗಾಳಿಗೆ ಹಾರುವುದು ಬೇರೆ. ಹಳೆಯ ಲಗ್ನಪತ್ರಿಕೆಯ ದಪ್ಪ ಕಾಗದವನ್ನು ಅಂಚೆಕಾರ್ಡಿನ ಅಳತೆಗೆ ಕತ್ತರಿಸಿಕೊಳ್ಳಿ. ಒಂದು ಚೀಟಿಗೆ ಒಂದೇ ಅಂಶ, ಹೆಚ್ಚೆಂದರೆ ಎಂಟು ಪದ, ಅಂಕಿಯಿದ್ದರೆ ಅದು, ಮತ್ತು ಆ ಅಂಶ ಎಷ್ಟನೇ ನಿಮಿಷಕ್ಕೆ ಮುಗಿಯಬೇಕು ಎಂಬುದು. ಮೂಲೆಗೆ ತೂತು ಮಾಡಿ ದಾರ ಕಟ್ಟಿ. ಕೆಳಗೆ ಬಿದ್ದರೂ ಕ್ರಮ ತಪ್ಪುವುದಿಲ್ಲ.

ಹೆಸರುಗಳ ಪಟ್ಟಿ ಮತ್ತು ಮೊದಲ ನಿಮಿಷ

ಸ್ವಾಗತ ಮಾಡುವವರು ವೇದಿಕೆಯ ಮೇಲಿನ ಪ್ರತಿಯೊಬ್ಬರ ಹೆಸರು ಹೇಳಲೇಬೇಕು, ಅದು ಅವರ ಕೆಲಸ. ನಂತರ ಬಂದ ಐದೂ ಜನ ಅದೇ ಪಟ್ಟಿಯನ್ನು ವಿಶೇಷಣ ಸಮೇತ ಮತ್ತೆ ಓದಿದರೆ ಸಭೆಯ ಹತ್ತು ನಿಮಿಷ ಬರೀ ಹೆಸರಿಗೇ ಖರ್ಚು. ನಿಮ್ಮ ಪಾಳಿಯಲ್ಲಿ 'ಅಧ್ಯಕ್ಷರೇ, ವೇದಿಕೆಯಲ್ಲಿರುವ ಹಿರಿಯರೇ, ಎದುರಿಗೆ ಕೂತ ಎಲ್ಲರಿಗೂ ನಮಸ್ಕಾರ' ಎಂದರೆ ಯಾರ ಮರ್ಯಾದೆಯೂ ಹೋಗುವುದಿಲ್ಲ. ಸ್ವಾಗತ ನಿಮ್ಮದೇ ಆಗಿದ್ದರೆ ಹೆಸರು, ಇನಿಷಿಯಲ್, ಹುದ್ದೆ ಇಷ್ಟನ್ನೂ ಬರೆಸಿಕೊಂಡು ಆಯಾ ವ್ಯಕ್ತಿಗೇ ತೋರಿಸಿ. ನಮ್ಮಲ್ಲಿ ಹೆಗಡೆ, ಭಟ್, ನಾಯ್ಕ, ನಾಯಕ, ಗೌಡ ಎಂದರೆ ಸಭೆಯ ಅರ್ಧ ಜನ ತಿರುಗಿ ನೋಡುತ್ತಾರೆ. ಊರು ಅಥವಾ ಮನೆತನದ ಹೆಸರು ಸೇರಿಸಿದರೇ ಗುರುತು ಸಿಗುವುದು. ನಾಯ್ಕರನ್ನು ನಾಯಕ ಮಾಡಿದರೆ ಅವರು ನಗಬಹುದು, ಮರೆಯುವುದಿಲ್ಲ.

ನಮಸ್ಕಾರವಾದ ಕೂಡಲೇ ವಿಷಯಕ್ಕೆ ಬನ್ನಿ. 'ನಾನೇನೂ ಭಾಷಣಕಾರನಲ್ಲ', 'ಹೆಚ್ಚು ಸಮಯ ತೆಗೆದುಕೊಳ್ಳುವುದಿಲ್ಲ' ಇವೆರಡನ್ನೂ ಬಿಟ್ಟುಬಿಡಿ. ಮೊದಲನೆಯದು ಕೇಳುವವರಿಗೆ ನಿರಾಸೆ, ಎರಡನೆಯದನ್ನು ಯಾರೂ ನಂಬುವುದಿಲ್ಲ. ಹೀಗೆ ಶುರುಮಾಡಿ ನೋಡಿ: 'ಹೋದ ಮಳೆಗಾಲದಲ್ಲಿ ಮರದ ಬುಡದಲ್ಲಿ ಉದುರಿದ ಹಸಿ ಅಡಿಕೆ ಹೆಕ್ಕಿದ್ದು ನೆನಪಿದೆಯಾ? ಅದರಲ್ಲಿ ಎಷ್ಟೋ ಉದುರಿದ್ದು ಮದ್ದು ಹೊಡೆಯದೆ ಅಲ್ಲ, ಮದ್ದಿನ ಹದ ತಪ್ಪಿ.' ಎರಡೇ ವಾಕ್ಯ. ಮೊದಲನೆಯದು ಅವರ ತೋಟದಲ್ಲೇ ಇದೆ, ಎರಡನೆಯದಕ್ಕೆ 'ಹೌದಾ?' ಎಂದು ಕಿವಿ ನಿಮಿರುತ್ತದೆ.

ಹೇಳುವುದಕ್ಕಿಂತ ತೋರಿಸುವುದು

ತೋರಿಸಲು ಬರುವ ವಿಷಯವನ್ನು ಬರೀ ಬಾಯಲ್ಲಿ ಹೇಳುವುದು ಪೂರ್ತಿ ನಷ್ಟ. ಬೋರ್ಡೋ ದ್ರಾವಣದ ಲೆಕ್ಕ ಎಲ್ಲರೂ ಕೇಳಿದ್ದೇ: ಶೇ. 1ರ ದ್ರಾವಣಕ್ಕೆ 1 ಕೆಜಿ ಮೈಲುತುತ್ತ 50 ಲೀಟರ್ ನೀರಿನಲ್ಲಿ, 1 ಕೆಜಿ ಸುಣ್ಣ ಬೇರೆ 50 ಲೀಟರ್ ನೀರಿನಲ್ಲಿ, ಆಮೇಲೆ ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯುತ್ತಾ ಕಲಕುವುದು. ಇದನ್ನೇ ವೇದಿಕೆಯ ಮೇಲೆ ಒಂದು ಲೀಟರಿಗೆ ಇಳಿಸಿ. ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿ ಎರಡು ತನ್ನಿ. ಒಂದರಲ್ಲಿ 10 ಗ್ರಾಂ ಮೈಲುತುತ್ತ, 10 ಗ್ರಾಂ ಸುಣ್ಣ, ತಲಾ ಅರ್ಧ ಲೀಟರ್ ನೀರಿನ ಲೆಕ್ಕದಲ್ಲಿ ಹದವಾದ ದ್ರಾವಣ. ಇನ್ನೊಂದರಲ್ಲಿ ಅಷ್ಟೇ ಮೈಲುತುತ್ತಕ್ಕೆ ಬೇಕೆಂದೇ ಚಿಟಿಕೆ ಸುಣ್ಣ ಮಾತ್ರ. ತಿಕ್ಕಿ ಬೆಳಗಿದ ಎರಡು ಕಬ್ಬಿಣದ ಕತ್ತಿಯನ್ನು ಎರಡರಲ್ಲೂ ಅದ್ದಿ ನಿಲ್ಲಿಸಿ. ಸುಣ್ಣ ಸಾಲದ ಡಬ್ಬಿಯ ಕತ್ತಿಗೆ ಕೆಂಪು ಬಣ್ಣ ಹತ್ತುತ್ತದೆ, ಅದು ತಾಮ್ರ. ಹಾಗೆ ಕೆಂಪಾದರೆ ಇನ್ನಷ್ಟು ಸುಣ್ಣ ಬೇಕು, ಇಲ್ಲದಿದ್ದರೆ ಎಳೆ ಅಡಿಕೆ ಸುಡುತ್ತದೆ. ಹಳೆಯ, ಗಾಳಿಗೆ ಬಿಟ್ಟ ಸುಣ್ಣಕ್ಕೆ ಬಲವಿರುವುದಿಲ್ಲ, ತೂಕ ಸರಿಯಿದ್ದರೂ ಹದ ತಪ್ಪುವುದು ಅದಕ್ಕೇ ಎಂದು ಆಗ ಹೇಳಿದರೆ ಯಾರೂ ಮರೆಯುವುದಿಲ್ಲ.

ಪ್ರಾತ್ಯಕ್ಷಿಕೆ ಕೈಕೊಡುವ ಜಾಗಗಳು ಬೇರೆಯೇ ಇವೆ. ಬಣ್ಣ ಹತ್ತಲು ಸ್ವಲ್ಪ ಹೊತ್ತು ಬೇಕು, ಆ ಹೊತ್ತಿನಲ್ಲಿ ಏನು ಮಾತಾಡುತ್ತೀರಿ ಎಂಬುದನ್ನು ಮೊದಲೇ ಜೋಡಿಸಿ (ಸುಣ್ಣದ ಮಾತು ಅಲ್ಲಿ ಸರಿಯಾಗಿ ಕೂರುತ್ತದೆ). ತುಕ್ಕು ಹಿಡಿದ ಕತ್ತಿಯಲ್ಲಿ ತಾಮ್ರದ ಕೆಂಪೂ ತುಕ್ಕಿನ ಕೆಂಪೂ ಒಂದೇ ಥರ ಕಾಣುತ್ತವೆ. ಸ್ಟೀಲಿನ ಚಾಕು ಬೇಡ, ಅಡುಗೆಮನೆಯ ಮೆಟ್ಟುಕತ್ತಿ ಮೊದಲೇ ಬೇಡ. ಹಿಂದಿನ ಸಾಲಿಗೆ ಡಬ್ಬಿ ಕಾಣುವುದಿಲ್ಲವಾದ್ದರಿಂದ ಕತ್ತಿಯನ್ನು ಎತ್ತಿ ಹಿಡಿದು ನಡುವಿನ ದಾರಿಯಲ್ಲಿ ಎರಡು ಹೆಜ್ಜೆ ಇಳಿದು ಬನ್ನಿ. ಮನೆಯಲ್ಲಿ ಒಮ್ಮೆ ಪೂರ್ತಿ ಮಾಡಿ ನೋಡದೆ ಸಭೆಗೆ ಒಯ್ಯಬೇಡಿ.

ಅಂಕಿಗಳ ಬಗ್ಗೆ ಇಷ್ಟೇ: ಬಾಯಲ್ಲಿ ಹೇಳುವ ಅಂಕಿ ಮೂರಕ್ಕಿಂತ ಹೆಚ್ಚಾದರೆ ಯಾವುದೂ ಉಳಿಯುವುದಿಲ್ಲ. ಉಳಿದದ್ದನ್ನು ಒಂದು ಚೀಟಿಯಲ್ಲಿ ಅಚ್ಚು ಹಾಕಿಸಿ ಹಂಚಿ. ಹಂಚುವುದು ಮಾತು ಮುಗಿದ ಮೇಲೆ, ಮೊದಲೇ ಕೊಟ್ಟರೆ ನಿಮ್ಮನ್ನು ಬಿಟ್ಟು ಅದನ್ನೇ ಓದುತ್ತಾರೆ.

ವಾಕ್ಯದ ಬಾಲ ನುಂಗಬೇಡಿ

ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ, ಬೇಕೋ ಬೇಡವೋ ಎಂಬುದೂ ಅಲ್ಲೇ ಇರುತ್ತದೆ. 'ಮಳೆ ಬಿಟ್ಟ ಮರುದಿನವೇ ಮದ್ದು ಹೊಡೆಯ' ತನಕ ಜೋರಾಗಿ ಹೇಳಿ, ಉಸಿರು ಸಾಲದೆ '-ಬೇಕು' ಅಥವಾ '-ಬಾರದು' ಎಂಬುದನ್ನು ಗಂಟಲಲ್ಲೇ ಇಳಿಸಿದರೆ ಹಿಂದಿನ ಬೆಂಚಿನವರು ಉಲ್ಟಾ ಅರ್ಥ ಮಾಡಿಕೊಂಡು ಮನೆಗೆ ಹೋಗುತ್ತಾರೆ. ಹೊಸಬರಲ್ಲಿ ಅತಿ ಹೆಚ್ಚು ಕಾಣುವ, ಅತಿ ಕಡಿಮೆ ಗಮನಕ್ಕೆ ಬರುವ ದೋಷ ಇದೇ.

ಕಾರಣ ಎರಡು. ವಾಕ್ಯ ಉದ್ದವಾಗಿರುತ್ತದೆ, ಅರ್ಧದಲ್ಲೇ ಉಸಿರು ಮುಗಿದಿರುತ್ತದೆ. 'ತಂದು, ಕರಗಿಸಿ, ಸೋಸಿ, ಬೆರೆಸಿ, ನೋಡಿ, ಆಮೇಲೆ' ಎಂದು ಸರಪಳಿ ಕಟ್ಟುವುದು ಕನ್ನಡದಲ್ಲಿ ಬಹಳ ಸುಲಭ, ಅದಕ್ಕೇ ಅಪಾಯ. ಹನ್ನೆರಡು ಪದ ದಾಟಿದ ವಾಕ್ಯವನ್ನು ಎರಡು ಮಾಡಿ. ಅಭ್ಯಾಸಕ್ಕೆ ಪತ್ರಿಕೆಯ ಒಂದು ಪ್ಯಾರಾ ತೆಗೆದುಕೊಂಡು ಪ್ರತಿ ವಾಕ್ಯದ ಕೊನೆಯ ಪದವನ್ನು ಉಳಿದವಕ್ಕಿಂತ ತುಸು ಜೋರಾಗಿ, ನಿಧಾನವಾಗಿ ಓದಿ. ದಿನಕ್ಕೆ ಐದು ನಿಮಿಷ, ಒಂದು ವಾರ. ಮನೆಯವರು ನಗುತ್ತಾರೆ, ನಗಲಿ. ಮೈಕಿನಲ್ಲಿ ಅದು ಸಹಜವಾಗಿಯೇ ಕೇಳುತ್ತದೆ.

ಭಾಷೆ ಯಾವುದಿರಬೇಕು ಎಂಬ ಗೊಂದಲ ಈ ಜಿಲ್ಲೆಯಲ್ಲಿ ಇದ್ದೇ ಇದೆ. ಕಾರವಾರದ ಸಭೆಯಲ್ಲಿ ಅರ್ಧ ಜನರ ಮನೆಮಾತು ಕೊಂಕಣಿ, ಹಳಿಯಾಳ, ಜೊಯಿಡಾದಲ್ಲಿ ಮರಾಠಿಯೂ ಸೇರುತ್ತದೆ, ಶಿರಸಿ ಕಡೆ ಹವ್ಯಕರ ಮನೆಮಾತಾದ ಹವಿಗನ್ನಡ. ಎಲ್ಲರೂ ಕೂತಲ್ಲಿ ಒಂದು ಗುಂಪಿನ ಮನೆಮಾತಿನಲ್ಲೇ ನಗೆಮಾತು ಹಾರಿಸಿದರೆ ಉಳಿದವರು ಹೊರಗುಳಿಯುತ್ತಾರೆ. ಕೊಂಕಣಿಯ ಒಂದು ನಮಸ್ಕಾರ ಚೆಂದ, ಮುಖ್ಯ ಸೂಚನೆ ಮಾತ್ರ ಎಲ್ಲರಿಗೂ ತಿಳಿಯುವ ಸರಳ ಕನ್ನಡದಲ್ಲೇ ಇರಲಿ. 'ಸಿಂಪಡಣೆಯನ್ನು ಕೈಗೊಳ್ಳತಕ್ಕದ್ದು' ಎಂಬ ಸುತ್ತೋಲೆಯ ಕನ್ನಡವೂ ಬೇಡ. 'ಮದ್ದು ಹೊಡೆಸಿ' ಸಾಕು.

ಮೈಕ್, ಮಳೆ, ಗಾಳಿ

ಕೈಮೈಕನ್ನು ಬಾಯಿಂದ ನಾಲ್ಕು ಬೆರಳು ದೂರ, ಗಲ್ಲದ ಮಟ್ಟದಲ್ಲಿ ತುಸು ಓರೆಯಾಗಿ ಹಿಡಿಯಿರಿ. ನೇರ ಬಾಯಿಗೆ ಒಡ್ಡಿದರೆ ಪ, ಫ, ಬ, ಭ ಬಂದಾಗಲೆಲ್ಲ 'ಬುಸ್' ಎನ್ನುತ್ತದೆ. ಹಿಡಿಯುವುದು ಹಿಡಿಕೆಯನ್ನು, ಜಾಲರಿಯ ತಲೆಯನ್ನಲ್ಲ. ತಲೆಯನ್ನು ಮುಷ್ಟಿಯಲ್ಲಿ ಮುಚ್ಚಿದರೆ ಮೈಕು ಸುತ್ತಲಿನ ಸದ್ದನ್ನೆಲ್ಲ ಹಿಡಿಯತೊಡಗುತ್ತದೆ, ಸ್ಪೀಕರಿನಿಂದ ಬಂದ ನಿಮ್ಮದೇ ದನಿ ಮತ್ತೆ ಮೈಕಿಗೆ ಹೋಗಿ 'ಕೂಂ' ಎಂದು ಕೂಗುತ್ತದೆ. ಸ್ಪೀಕರ್ ಪೆಟ್ಟಿಗೆಯ ಎದುರಿಗೆ ಹೋಗಿ ನಿಂತರೂ ಇದೇ ಗತಿ. ಪೆಟ್ಟಿಗೆ ನಿಮಗಿಂತ ಮುಂದೆ, ಸಭಿಕರ ಕಡೆ ಮುಖ ಮಾಡಿರಬೇಕು. ತಟ್ಟುವುದು, ಊದುವುದು ಬೇಡ. 'ನಮಸ್ಕಾರ, ಹಿಂದೆ ಕೇಳುತ್ತದಾ?' ಎಂದರೆ ಪರೀಕ್ಷೆಯೂ ಆಯಿತು.

ಜೂನ್‌ನಿಂದ ಸೆಪ್ಟೆಂಬರ್ ತನಕ ತಗಡಿನ ಮಾಡಿನ ಸಭಾಭವನದಲ್ಲಿ ಮಳೆ ಹೊಡೆದರೆ ಮೈಕಿದ್ದರೂ ಏನೂ ಕೇಳುವುದಿಲ್ಲ. ಕೂಗಬೇಡಿ, ದನಿ ಒಡೆದು ಇನ್ನೂ ಅಸ್ಪಷ್ಟವಾಗುತ್ತದೆ. ಮೈಕನ್ನು ಎರಡು ಬೆರಳಷ್ಟು ಹತ್ತಿರಕ್ಕೆ ತನ್ನಿ, ವಾಕ್ಯ ಗಿಡ್ಡ ಮಾಡಿ, ಜೋರಿನ ಮಳೆಗೆ ಒಂದು ನಿಮಿಷ ಸುಮ್ಮನೆ ನಿಲ್ಲಿ. ಮಳೆಗೆ ಕಾಯುವುದು ಇಲ್ಲಿ ಯಾರಿಗೂ ಹೊಸದಲ್ಲ. ಕಾರವಾರದ ಟಾಗೋರ್ ಕಡಲತೀರದಂಥ ಬಯಲು ವೇದಿಕೆಯಲ್ಲಿ ಮಳೆಯ ಬದಲು ಗಾಳಿಯ ಕಾಟ. ಸಂಜೆ ಗಾಳಿ ಕಡಲಿನಿಂದ ಬೀಸುತ್ತದೆ. ಮೈಕಿಗೆ ಸ್ಪಂಜಿನ ಟೊಪ್ಪಿ ಕೇಳಿ ಹಾಕಿಸಿ, ಸಾಧ್ಯವಿದ್ದಷ್ಟು ಗಾಳಿಗೆ ಬೆನ್ನು ಮಾಡಿ.

ಪರದೆ ಇದ್ದರೆ

ಕಾಲೇಜು ಸೆಮಿನಾರಿಗೋ ಇಲಾಖೆಯ ತರಬೇತಿಗೋ ಸ್ಲೈಡ್ ಮಾಡುವವರು ಮೊದಲು ನೋಡಬೇಕಾದ್ದು ಫಾಂಟು. ನುಡಿ ಅಥವಾ ಬರಹ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಟೈಪ್ ಮಾಡಿದ ಕಡತವನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣುತ್ತದೆ. ಯೂನಿಕೋಡಿನಲ್ಲೇ ಮಾಡಿ, ಜೊತೆಗೆ ಪಿಡಿಎಫ್ ಪ್ರತಿಯೊಂದನ್ನು ಪೆನ್‌ಡ್ರೈವಿನಲ್ಲೂ ಮೇಲ್‌ನಲ್ಲೂ ಇಡಿ. ಎರಡನೆಯದು ಅಳತೆ. ಕನ್ನಡದ ಒತ್ತಕ್ಷರ ಮೂಲ ಅಕ್ಷರಕ್ಕಿಂತ ಚಿಕ್ಕದು. 'ರಾಷ್ಟ್ರ' ಎಂಬಲ್ಲಿ ಷ ಕಂಡರೂ ಕೆಳಗಿನ ಒತ್ತು ಹಿಂದಿನವರಿಗೆ ಬರೀ ಚುಕ್ಕೆ. 32 ಪಾಯಿಂಟಿಗಿಂತ ಕೆಳಗಿಳಿಯಬೇಡಿ, ಸಾಲುಗಳ ನಡುವೆ ಇಂಗ್ಲಿಷಿಗಿಂತ ಹೆಚ್ಚು ಜಾಗ ಬಿಡಿ, ಸ್ಲೈಡಿಗೆ ಐದಾರು ಸಾಲು ಮೀರಬೇಡಿ. ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟು ಆರಡಿ ಹಿಂದೆ ಸರಿದು ಓದಿ. ಕಣ್ಣು ಕಿರಿದು ಮಾಡಬೇಕಾದರೆ ಅಕ್ಷರ ಸಾಲದು.

ಪರದೆಗೆ ತಿರುಗಿ ಓದುವುದು ಬೇಡ, ದನಿಯೂ ಮೈಕಿನಿಂದ ತಪ್ಪುತ್ತದೆ. ಕರೆಂಟು ಹೋದರೂ ಮಾತು ನಡೆಯುವಂತೆ ಚೀಟಿ ಕೈಯಲ್ಲಿರಲಿ.

ನಡುಕ

ಎದೆ ಡವಡವ, ಬಾಯಿ ಒಣಗುವುದು, ಅಂಗೈ ಬೆವರುವುದು ಇವೆಲ್ಲ ಅಡ್ರಿನಲಿನ್ ಕೆಲಸ. ಅದನ್ನು ನಿಲ್ಲಿಸಲಾಗುವುದಿಲ್ಲ, ಇಳಿಸಬಹುದು. ನಾಲ್ಕು ಎಣಿಸುವಷ್ಟು ಉಸಿರು ತೆಗೆದುಕೊಂಡು ಆರು ಎಣಿಸುವಷ್ಟು ನಿಧಾನ ಬಿಡಿ, ಹೀಗೆ ಐದಾರು ಸಲ. ಬಿಡುವ ಉಸಿರು ಉದ್ದವಿದ್ದರೆ ಎದೆಬಡಿತ ತಗ್ಗುತ್ತದೆ. ಹೆಸರು ಕರೆದ ಮೇಲೆ ನಡೆದು ಬಂದು ನಿಂತ ಕೂಡಲೇ ಬಾಯಿ ತೆರೆಯಬೇಡಿ. ಕಾಲು ಊರಿ, ಎದುರಿಗೆ ನೋಡಿ, ಎರಡು ಸೆಕೆಂಡ್ ಸುಮ್ಮನಿದ್ದು ಆಮೇಲೆ ನಮಸ್ಕಾರ ಹೇಳಿ. ಬಾಯಿಗೆ ಉಗುರುಬೆಚ್ಚಗಿನ ನೀರು ಸಾಕು. ಕವಳ (ಎಲೆಅಡಿಕೆ) ಹಾಕುವವರು ಅರ್ಧ ತಾಸು ಮೊದಲೇ ಉಗುಳಿ ಬಾಯಿ ತೊಳೆದುಕೊಳ್ಳಬೇಕು, ದವಡೆಯಲ್ಲಿ ಕವಳವಿಟ್ಟು ಸ, ಶ, ಚ ಸರಿಯಾಗಿ ಹೇಳಿದವರಿಲ್ಲ.

ನಡುವೆ ಮರೆತುಹೋದರೆ ಈಗಷ್ಟೇ ಹೇಳಿದ ವಾಕ್ಯವನ್ನೇ ಇನ್ನೊಮ್ಮೆ ಹೇಳುತ್ತಾ ಚೀಟಿ ನೋಡಿ. ಕೇಳುವವರಿಗೆ ಅದು ಒತ್ತು ಕೊಟ್ಟಂತೆ ಕೇಳುತ್ತದೆ.

ರಿಹರ್ಸಲ್

ಕೂತು ಮನಸ್ಸಿನಲ್ಲಿ ಓದಿಕೊಳ್ಳುವುದು ಅಭ್ಯಾಸವಲ್ಲ. ನಿಂತು, ಬಾಯಿಬಿಟ್ಟು, ಗಡಿಯಾರ ಇಟ್ಟುಕೊಂಡು ಕನಿಷ್ಠ ನಾಲ್ಕು ಸಲ, ಬೇರೆ ಬೇರೆ ದಿನ. ಪ್ರತಿ ಸಲ ಪದಗಳು ಬೇರೆಯಾಗಬೇಕು, ನಡೆ ಒಂದೇ ಇರಬೇಕು. ನಾಲ್ಕೂ ಸಲ ಪದ ಒಂದೇ ಬಂದರೆ ಮತ್ತೆ ಬಾಯಿಪಾಠಕ್ಕೆ ಜಾರಿದ್ದೀರಿ ಎಂದರ್ಥ. ಮೂರನೆಯದನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿ. ಮೊದಲು ದನಿ ಮುಚ್ಚಿ ನೋಡಿ: ಕೈ ಏನು ಮಾಡುತ್ತದೆ, ಕಣ್ಣು ಎಲ್ಲಿದೆ, ಒಂದೇ ಕಾಲಿನ ಮೇಲೆ ತೂಗುತ್ತೀರಾ. ಆಮೇಲೆ ಪರದೆ ತಿರುಗಿಸಿಟ್ಟು ಬರೀ ಕೇಳಿ, ಕಾಗದದ ಮೇಲೆ ಗೀಟು ಹಾಕುತ್ತಾ ಹೋಗಿ: 'ಅಂದ್ರೆ' ಎಷ್ಟು, 'ಏನಪ್ಪಾ ಅಂದ್ರೆ' ಎಷ್ಟು, 'ಈ ಒಂದು' ಎಷ್ಟು, 'ಹೇಳಲು ಇಷ್ಟಪಡುತ್ತೇನೆ' ಎಷ್ಟು. ಎಲ್ಲವನ್ನೂ ಒಟ್ಟಿಗೆ ಬಿಡಲು ಹೋಗಬೇಡಿ, ಹೆಚ್ಚು ಗೀಟು ಬಿದ್ದ ಒಂದನ್ನು ಹಿಡಿಯಿರಿ. ಆ ಪದ ಬರುವ ಜಾಗದಲ್ಲಿ ಬಾಯಿ ಮುಚ್ಚಿ ಉಸಿರು ತೆಗೆದುಕೊಳ್ಳುವುದೇ ಅದಕ್ಕೆ ಮದ್ದು.

ಮುಗಿಸುವುದು, ಪ್ರಶ್ನೆಗಳು

'ಕೊನೆಯದಾಗಿ' ಎಂದು ಒಮ್ಮೆ ಹೇಳಿದ ಮೇಲೆ ಮೂವತ್ತು ಸೆಕೆಂಡಿನಲ್ಲಿ ಕೂರಬೇಕು. ಊಟಕ್ಕೆ ಮೊದಲಿನ ಕೊನೆಯ ಮಾತು ನಿಮ್ಮದಾಗಿ, ಒಳಗಿಂದ ಸಾರಿನ ಒಗ್ಗರಣೆ ವಾಸನೆ ಬಂದಿದೆ ಎಂದರೆ ಕೆಂಪು ಗೀಟಿನ ಚೀಟಿಗಳನ್ನು ಆಗಲೇ ಬಿಡಿ. ಕೊನೆಯ ವಾಕ್ಯ ಮೊದಲು ಬರೆದುಕೊಂಡ ಆ ಒಂದು ವಾಕ್ಯವೇ: ಮಳೆಗೆ ಮೊದಲು ಹೊಡೆಸಿ, ಕತ್ತಿ ಅದ್ದಿ ನೋಡಿ.

ಪ್ರಶ್ನೆ ಬಂದಾಗ ಮೈಕಿನಲ್ಲಿ ಅದನ್ನು ಮತ್ತೆ ಹೇಳಿ, ಮುಂದಿನ ಸಾಲಿನವರು ಕೇಳಿದ್ದು ಹಿಂದೆ ಕೇಳಿರುವುದಿಲ್ಲ. ಉತ್ತರವನ್ನು ಕೇಳಿದವರಿಗೊಬ್ಬರಿಗೇ ಅಲ್ಲ, ಇಡೀ ಸಭೆಗೆ ಹೇಳಿ. ಪ್ರಶ್ನೆಯ ಹೆಸರಿನಲ್ಲಿ ಭಾಷಣ ಶುರುಮಾಡುವ ಹಿರಿಯರು ಪ್ರತಿ ಊರಲ್ಲೂ ಇದ್ದಾರೆ. ಅವರು ಉಸಿರು ತೆಗೆದುಕೊಳ್ಳುವ ಸಂದಿನಲ್ಲಿ 'ನೀವು ಹೇಳಿದ್ದು ಮುಖ್ಯ ಮಾತು, ಊಟದ ಹೊತ್ತಿಗೆ ಕೂತು ಮಾತಾಡುವಾ' ಎಂದು ಮುಂದಿನ ಕೈಗೆ ತಿರುಗಿ. ಊಟದ ಹೊತ್ತಿಗೆ ನಿಜವಾಗಿ ಅವರ ಪಕ್ಕ ಹೋಗಿ ಕೂರಬೇಕು, ಇಲ್ಲದಿದ್ದರೆ ಮುಂದಿನ ಸಭೆಯಲ್ಲಿ ಅವರನ್ನು ತಡೆಯಲು ಯಾರಿಂದಲೂ ಆಗುವುದಿಲ್ಲ. ಗೊತ್ತಿಲ್ಲದ್ದನ್ನು 'ಗೊತ್ತಿಲ್ಲ, ಕೇಳಿ ತಿಳಿಸುತ್ತೇನೆ' ಎಂದು ಹೇಳಿ, ಅಲ್ಲೇ ಚೀಟಿಯ ಹಿಂಬದಿಗೆ ಅವರ ಹೆಸರು, ಊರು, ಫೋನ್ ನಂಬರು ಬರೆದುಕೊಳ್ಳಿ. ಫೋನ್ ಮಾಡುವುದು ಎರಡು ದಿನದೊಳಗೆ.